ಸ್ಯಾಂಪಲ್ಲು

ಬ್ರೋಕನ್ ಹಿಲ್ಲಿನ ಬೀದಿಗಳಿಗೆ ದೇವರ ಹೆಸರಿಲ್ಲ.
ಆಕ್ಸೈಡ್, ಕ್ಲೋರೈಡ್, ಸಲ್ಫೈಡ್, ಕೋಬಾಲ್ಟ್:
ಶಾಲೆಯಲ್ಲಿ ನಾನು ಫೇಲಾದ ಪಾಠವೆಲ್ಲ
ಮನೆ ನಂಬರಿನ ಸಮೇತ ಇಲ್ಲಿ ಕಾದು ಕೂತಿದೆ.

ಹಟ್ಟಿಯಲ್ಲಿ ಚಿನ್ನದ ಗಣಿಗಿಳಿದವನ ಮಗ,
ಇಲ್ಲಿ ಸತುವಿನ ಲೆಕ್ಕದವನು.
ತಾಸಿಗೊಮ್ಮೆ ನೊರೆತೊಟ್ಟಿಯಿಂದ ಒಂದು ಸೌಟು ಕೆಸರು ತೆಗೆದು
ಚೀಟಿ ಅಂಟಿಸಿ ಲ್ಯಾಬಿಗೆ ಕಳಿಸುತ್ತೇನೆ.
ನೂರಕ್ಕೆ ಐವತ್ತು ಬಂದರೆ ಮೇಸ್ತ್ರಿ ಶಿಳ್ಳೆ ಹಾಕುತ್ತಾನೆ.

ಹನ್ನೊಂದು ವರ್ಷ ಕೆಸರಿಗೆ ಚೀಟಿ ಅಂಟಿಸಿದ ಕೈ
ಒಂದು ಗುರುವಾರ ತನ್ನದೇ ಹೆಸರಿನ ಚೀಟಿ ಅಂಟಿಸಿತು.
ಹಳದಿ ಮುಚ್ಚಳದ ಡಬ್ಬಿ.
ಹೆಸರು, ಹುಟ್ಟಿದ ದಿನ, ಹಿಡಿದ ಸಮಯ.
"ತಾಸಿನೊಳಗೆ ತನ್ನಿ, ಮೈಯ ಬಿಸಿ ಆರಬಾರದು" ಅಂದಿದ್ದಳು ನರ್ಸು.
ಬಲಗಂಕುಳಲ್ಲಿ ಅವುಚಿಕೊಂಡು ನಡೆದೆ,
ಕದ್ದ ಮೊಟ್ಟೆಯ ಹಾಗೆ.

ಸಲ್ಫೈಡ್ ಬೀದಿಯ ತಿರುವಿನಲ್ಲೇ ಸಿಗಬೇಕೆ
ಪಕ್ಕದ ಮನೆಯ ಟ್ರೆಲೋರ್ ಮುದುಕ!
ಕೈ ಚಾಚಿದ. ನಾನು ಎಡಗೈ ಕೊಟ್ಟೆ.
"ಭುಜ ಹಿಡಿದಿದೆಯಾ?"
ಹೂಂ ಅಂದೆ.
ಸರಿ, ಅವನ ಭುಜದ ಆಪರೇಷನ್ನಿನ ಕತೆ ಶುರುವಾಯಿತು,
ಅಡಿಲೇಡಿನ ಡಾಕ್ಟರು, ಆಸ್ಪತ್ರೆಯ ಸಪ್ಪೆ ಸೂಪು,
ಹದಿನಾಲ್ಕು ನಿಮಿಷ.
ನನ್ನ ಕಂಕುಳಲ್ಲಿ ಒಂದು ಊರು ಸಾಯುತ್ತಿತ್ತು.

ಕೋಟಿ ಇರಬೇಕಾದಲ್ಲಿ ಮೂವತ್ತು ಲಕ್ಷ.
ಅದರಲ್ಲೂ ಮುಕ್ಕಾಲು ಪಾಲು
ಸಂತೆ ಮುಗಿದ ಮೇಲೆ ಮಲಗಿದ ಎತ್ತುಗಳು, ಎಬ್ಬಿಸಿದರೂ ಏಳವು.
"ಸತುವಿನ ಗುಳಿಗೆ ಬೇಕಾದರೆ ತಗೊಳ್ಳಿ" ಅಂದರು ಡಾಕ್ಟರ್ ಹನ್ರಹಾನ್,
"ಖಾತ್ರಿ ಏನಿಲ್ಲ."

ಕಾಲ ಕೆಳಗೆ ಸತುವಿನ ಬೆಟ್ಟ,
ತಲೆಯ ಮೇಲೆ ಸತು ಬಳಿದ ತಗಡು,
ಬೂಟಿನ ಹೊಲಿಗೆಯಲ್ಲಿ ಅದರದೇ ಧೂಳು.
ಆದರೂ ಹಿತ್ತಲ ಗಿಡ ಮದ್ದಲ್ಲ:
ಆರ್ಜೆಂಟ್ ಬೀದಿಯ ಅಂಗಡಿಯಲ್ಲಿ
ಸಿಡ್ನಿಯ ಶೀಶೆಗೆ ಇಪ್ಪತ್ತೆರಡು ಡಾಲರು.

ಖಾಲಿ ಹೊಟ್ಟೆಗೆ ನುಂಗಿದ ಮೊದಲ ದಿನವೇ
ಬಕೆಟ್ಟಿನೊಳಗೆ ತಲೆ ಹಾಕಿ ಕೂತೆ.
ಬಾಯಲ್ಲಿ ಹಳೇ ಬೀಗದ ರುಚಿ.
ನೀಲಗಂಗಾ ಬೆನ್ನು ತಿಕ್ಕುತ್ತಾ ನಕ್ಕುಬಿಟ್ಟಳು:
"ಬಸುರಿ ನಾನೋ ನೀವೋ?"

ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ
ದಿನಕ್ಕೊಂದು 'ಸತು' ಬರೆಯುತ್ತಿದ್ದಳು, ನುಂಗಿದ್ದಕ್ಕೆ ಸಾಕ್ಷಿ.
ಒಂದು ಭಾನುವಾರ ಕೊಂಬನ್ನು ಅಳಿಸಿ
ಹಿಂದಿನ ಅಕ್ಷರಕ್ಕೆ ಇಟ್ಟಿದ್ದಳು: ಸುತ.
ಕೆಳಗೆ ಸಣ್ಣದಾಗಿ, "ಮಗಳಾದ್ರೂ ನಡೀತೈತಿ."
ತಕಾರಕ್ಕೊಂದು ಒತ್ತು ಬಿದ್ದರೆ ಏನಾಗುತ್ತದೆಂದು
ನಾನು ಹೇಳಲಿಲ್ಲ.
ಅವಳಿಗೇನು ಅಕ್ಷರ ಬರುವುದಿಲ್ಲವೆ?

ನಾಲ್ಕು ತಿಂಗಳಿಗೆ ಮತ್ತೆ ಡಬ್ಬಿ, ಮತ್ತೆ ಕಂಕುಳು.
ಈ ಸಲ ಬೇರೆ ಬೀದಿ ಹಿಡಿದೆ.
ಮೂವತ್ತೊಂದು ಲಕ್ಷ.
ಹೆಚ್ಚಾದ ಒಂದು ಲಕ್ಷಕ್ಕೆ ಹಿಗ್ಗಬೇಡ ಎಂದು
ಯಾರೂ ನನಗೆ ಹೇಳಬೇಕಿರಲಿಲ್ಲ.
ಒಂದೇ ತೊಟ್ಟಿಯ ಎರಡು ಸೌಟು
ಯಾವತ್ತು ತಾಳೆಯಾಗಿವೆ?

ಆ ರಾತ್ರಿ ಊರಿಗೆ ಫೋನು ಮಾಡಿದೆ.
ಏಳು ವರ್ಷದಿಂದ ಅವ್ವ ಸೊಸೆಯ ಹೆಸರಿನಲ್ಲಿ
ಕಟ್ಟಿದ ಹರಕೆಗೆ ಲೆಕ್ಕವಿಲ್ಲ.
"ಅವ್ವಾ, ಹರಕೆಯ ಹೆಸರು ಬದಲು ಮಾಡು. ನನ್ನದು ಹಾಕು."
ಬಹಳ ಹೊತ್ತು ಬರೀ ಫ್ಯಾನಿನ ಸದ್ದು.
ಆಮೇಲೆ: "ನಿನ್ನ ನಕ್ಷತ್ರ ಯಾವುದಿತ್ತೋ?"

ಹಿತ್ತಲಲ್ಲಿ ನಿಂಬೆಗಿಡದ ಎಲೆ ಹಳದಿ, ನರ ಮಾತ್ರ ಹಸಿರು.
ಟ್ರೆಲೋರ್ ಬೇಲಿಯ ಮೇಲಿಂದ ಬಗ್ಗಿ ನೋಡಿ ತೀರ್ಪು ಕೊಟ್ಟ:
"ಇದಕ್ಕೆ ಸತು ಸಾಲದು."
ನೀಲಗಂಗಾ ನನ್ನ ಮುಖ ನೋಡಲಿಲ್ಲ, ನಾನೂ ಅವಳದು ನೋಡಲಿಲ್ಲ,
ನೋಡಿದ್ದರೆ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ.
ಉಳಿದಿದ್ದ ನಲವತ್ತಮೂರು ಗುಳಿಗೆ ಎಣಿಸಿ,
ಏಲಕ್ಕಿಯ ಕುಟ್ಟಾಣಿಯಲ್ಲಿ ಪುಡಿ ಮಾಡಿ,
ಅದೇ ಬಕೆಟ್ಟಿನಲ್ಲಿ ಕದಡಿ ಬುಡಕ್ಕೆ ಸುರಿದಳು.
"ಖಾತ್ರಿ ಏನಿಲ್ಲ" ಅಂದಳು ಗಿಡಕ್ಕೆ,
ಥೇಟ್ ಹನ್ರಹಾನರ ದನಿಯಲ್ಲಿ.

ಹೊತ್ತು ಮುಳುಗಿ, ಮಾಡಿನ ತಗಡು
ಟಿಕ್, ಟಿಕ್, ಆರತೊಡಗಿತ್ತು.
ಬೇಲಿಯಾಚೆಯಿಂದ ಮುದುಕ ಕೂಗಿದ,
"ಭುಜ ಹೇಗಿದೆ ಈಗ?"

ಬಲಗೈ ಮೇಲೆತ್ತಿ ತೋರಿಸಿದೆ.