ಐದು ಅಂಕದ ಪ್ರಶ್ನೆ

ಕಸ್ತೂರಬಾಯಿ ಮೇಡಂ ಬೋರ್ಡಿನ ಮೇಲೆ ಒಂದು ಉಂಗುರ ಬರೆದು
ಇದು ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ ಎಂದರು.
"ಬಳಿ" ಎಂದಳು ಹಿಂದಿನ ಬೆಂಚಿನ ಮೈಮುನಾ, ಮೆಲ್ಲಗೆ.
ಅವಳ ಅಮ್ಮಿಯದು ಸ್ಟೇಷನ್ ರೋಡಿನಲ್ಲಿ ಬಳೆಯ ಬಂಡಿ:
ಅರಗಿನ ಬಳೆ ಕತ್ತರಿಸಿ, ನಡುವೆ ಚೂರು ಸೇರಿಸಿ,
ಕೆಂಡಕ್ಕೆ ಹಿಡಿದು, ಎಂಥ ದಪ್ಪ ಕೈಗೂ ಕೂಡಿಸಿ ಕೊಡುವವಳು.

ಮೇಡಂಗೆ ಕೇಳಿಸಿತು. ಬೈಯಲಿಲ್ಲ.
"ಹೂಂ, ಬಳಿ ಅಂತನೇ ತಿಳಕೋರಿ.
ಕತ್ತರಿಸೋದು ಒಂದು ಕಿಣ್ವ, ಬೆಸೆಯೋದು ಇನ್ನೊಂದು.
ನಡುವಿನ ಚೂರು ಮಾತ್ರ ಮನುಷ್ಯಾರದು."
ಫೆಬ್ರವರಿಗೇ ಯಾದಗಿರಿಯ ಕೋಟೆಗುಡ್ಡ ಕಾದಿತ್ತು,
ಫ್ಯಾನು ಬಿಸಿಗಾಳಿಯನ್ನೇ ಕಲಸುತ್ತಿತ್ತು.

ಹಿಂದಿನ ವಾರ ಲಸಿಕೆಯ ಪಾಠ.
ತೋಳು ಮಡಚಿ ಎಲ್ಲರೂ ಕಲೆ ಹುಡುಕಿದ್ದೆವು.
ನನ್ನದು ಜೋಳದ ಕಾಳಿನಷ್ಟು.
ಆಯಿಯವು ಎರಡು, ಹಳೇ ನಾಣ್ಯದಗಲ.
"ಡಾಕ್ಟರ್ ಬಂದಾನಂತ ಖಾಲಿ ಹಗೇವಿನಾಗ ಇಳಿದು ಕುಂತಿದ್ದೆ,
ಜಡಿ ಹಿಡದು ಮ್ಯಾಲ ಎಳದ್ರು ನೋಡು"
ಎನ್ನುವಾಗ ಈಗಲೂ ಸಿಟ್ಟು.
ಓರಗೆಯ ನಾಗೂಬಾಯಿಯನ್ನು ಯಾರೂ ಎಳೆಯಲಿಲ್ಲ.
ಆ ಹೆಸರು ಬಂದರೆ ಆಯಿ
ಕಲೆಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನಾಗುತ್ತಾಳೆ.

ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ.
ಇನ್ಸುಲಿನ್ ಬಾಟಲಿ ಮಣ್ಣಿನ ಗಡಿಗೆಯೊಳಗೆ
ಒದ್ದೆ ಉಸುಕಿನ ನಡುವಿನ ಸ್ಟೀಲ್ ಡಬ್ಬಿಯಲ್ಲಿ ಮಲಗಿರುತ್ತದೆ.
ಆ ಸಂಜೆ ಸೂಜಿ ತುಂಬುತ್ತ ಹೇಳಿದೆ:
ಇದನ್ನ ಮಾಡೋದು ಒಂದು ಹುಳ, ಆಯಿ, ಕಣ್ಣಿಗೆ ಕಾಣಲ್ಲ.
ನಮ್ಮ ಕರುಳಿನಾಗ ಇರೋ ಜಾತೀದೇ.
ಮನುಷ್ಯಾರದೊಂದು ಚೂರು ಅದಕ್ಕ ಕೂಡಿಸ್ಯಾರ,
ಹಗಲೂ ರಾತ್ರಿ ದುಡಿತದ.

ಹೇಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.
ನಲವತ್ತು ವರ್ಷ ಮಂದಿಯ ತೊಗರಿ ಹೊಲದಲ್ಲಿ ಕಳೆ ಕಿತ್ತವಳು
ಸೆರಗು ಸರಿಮಾಡಿಕೊಂಡು ಕೇಳಿದಳು:
"ಅದಕ್ಕ ಕೂಲಿ ಏನು ಕೊಡ್ತಾರ?"

ಸಕ್ಕರಿ, ಎಂದೆ.

"ಸಕ್ಕರಿ!"
ಮೈ ಕುಲುಕಿ ನಕ್ಕಳು,
ಐದು ವರ್ಷದಿಂದ ಸಪ್ಪನೆ ಚಹಾ ಕುಡಿಯುವವಳು.
"ತಿನ್ನಲಿ ಬಿಡು, ನನ್ನ ಪಾಲಿಂದು."

ಆಮೇಲಿನದನ್ನು ಹೇಳಲಿಲ್ಲ.
ದುಡಿದು ತುಂಬಿದ ಮೇಲೆ ಅದರ ಮೈ ಒಡೆದು
ಔಷಧ ಸೋಸುತ್ತಾರೆ.
ನೋಟ್ಸಿನಲ್ಲಿದೆ, ನಾಲ್ಕನೇ ಹಂತ,
ಬಿಟ್ಟರೆ ಒಂದು ಅಂಕ ಹೋಗುತ್ತದೆ.

ಸೂಜಿ ತೆಗೆದು ಹತ್ತಿ ಒತ್ತಿದೆ.
ಆಯಿ ಎದ್ದು ಹೋಗಿ ಗಡಿಗೆಯ ಉಸುಕಿಗೆ
ನೀರು ಚಿಮುಕಿಸಿದಳು,
ದಿನಕ್ಕಿಂತ ಒಂದು ಬೊಗಸೆ ಜಾಸ್ತಿ.