ಅಳತೆ ಬುಕ್ಕು

ಅಮ್ಮ ಟೇಪು ಹಿಡಿದು ಕೂಗುತ್ತಾಳೆ,
ನಾನು ಬರೆಯುತ್ತೇನೆ.
ಎದೆ ಮೂವತ್ತೆಂಟು. ಸೊಂಟ ಮೂವತ್ತಾರು.
ತೋಳುದ್ದ ಹತ್ತೂವರೆ, ಸುತ್ತು ಹದಿಮೂರು.
ಕಬ್ಬನ್‌ಪೇಟೆಯ ಈ ಎಂಟಡಿ ಅಂಗಡಿಯಲ್ಲಿ
ಪಕ್ಕದ ಮನೆಯ ಮಗ್ಗ ಗಡಗಡ ಎನ್ನುವಾಗ
ಕೂಗದಿದ್ದರೆ ಕೇಳಿಸುವುದಿಲ್ಲ.
ಹಾಗಾಗಿ ಇಡೀ ಗಲ್ಲಿಗೆ ಗೊತ್ತು
ಯಾರ ಸೊಂಟ ಎಷ್ಟು.

ನನ್ನದು ಬಿಟ್ಟು.

ನನ್ನ ಹೆಸರು ಇಂಚರ.
ಹಕ್ಕಿಯ ದನಿ ಅಂತ ಅರ್ಥ, ಅಪ್ಪ ಇಟ್ಟದ್ದು.
ಹೈಸ್ಕೂಲಿನಲ್ಲಿ ಅದು ಇಂಚು ಆಯಿತು.
ಪಿಯುಸಿಯಲ್ಲಿ, ಕ್ಯಾಂಟೀನಿನ ಕ್ಯೂನಲ್ಲಿ
ರೋಹಿತಾಶ್ವ ಹಿಂದೆ ನಿಂತು ಹೇಳಿದ:
"ಇಂಚಲ್ಲ ಕಣ್ರೋ, ಗಜ."
ಎಲ್ಲ ನಕ್ಕರು. ನಾನೂ ನಕ್ಕೆ.
ಜೋಕು ಚೆನ್ನಾಗಿತ್ತು,
ಅದೇ ಕಷ್ಟ.

ಅವತ್ತಿನಿಂದ ಮಸಾಲೆ ವಡೆ ಬಿಟ್ಟೆ.
ಅಣ್ಣನ ಕಪ್ಪು ಜರ್ಕಿನ್ನು ಏಪ್ರಿಲ್ಲಿನಲ್ಲೂ ಬಿಡಲಿಲ್ಲ.
ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು,
ಅಪ್ಪಿಕೊಂಡ ಬ್ಯಾಗು.
ಮೆಜೆಸ್ಟಿಕ್ಕಿನಲ್ಲಿ ಒಂದು ಸಲ
ಬಣ್ಣದ ದೀಪ ತಿರುಗಿಸುತ್ತ ತೂಕದ ಯಂತ್ರ
ಚೀಟಿ ಉಗುಳಿತು.
ಒಂದು ಮಗ್ಗುಲಲ್ಲಿ ಕೆಜಿ, ಇನ್ನೊಂದರಲ್ಲಿ
"ಶೀಘ್ರದಲ್ಲೇ ಶುಭವಾರ್ತೆ."
ತೂಕವನ್ನು ಹರಿದು ಎಸೆದೆ,
ಶುಭವಾರ್ತೆಯೂ ಜೊತೆಗೇ ಹೋಯಿತು.

ಬುಕ್ಕಿನೊಳಗೆ ಮಾತ್ರ ಬೇರೆಯೇ ಊರು.
ಯಾರ ಎರಡು ಭುಜವೂ ಅಲ್ಲಿ ಸಮ ಇಲ್ಲ.
ಬ್ಯಾಂಕಿನ ಸುಗುಣಾ ಮೇಡಂಗೆ ಎಡಗಡೆ ಕಾಲಿಂಚು ಇಳಿಕೆ,
ಬ್ಯಾಗು ನೇತುಹಾಕಿ ನೇತುಹಾಕಿ.
ಹೂವಿನ ಮುನಿವೆಂಕಟಮ್ಮಜ್ಜಿ
ಕಿದ್ವಾಯಿಯಲ್ಲಿ ಒಂದು ಮೊಲೆ ಬಿಟ್ಟು ಬಂದವಳು
"ಈ ಕಡೆ ಸ್ವಲ್ಪ ಬಿಗಿ ಹಿಡಿಯೇ,
ಗಾಳಿ ಆಡತ್ತೆ" ಎಂದು ನಕ್ಕಳು.
ಆ ದಿನ ಅಮ್ಮ ಕೂಗಲಿಲ್ಲ.
ನನ್ನ ಕೈಯಿಂದ ಪೆನ್ನು ಇಸ್ಕೊಂಡು ತಾನೇ ಬರೆದಳು.

ಈಗ ಕಾಲೇಜಿನಲ್ಲಿ ಬೀಳ್ಕೊಡುಗೆ. ಎಲ್ಲರೂ ಸೀರೆಯಂತೆ.
ಚಿಕ್ಕಮ್ಮನ ಹಸಿರು ರೇಷ್ಮೆ, ಹೊಸ ರವಿಕೆ.
"ಜರ್ಕಿನ್ನು ತೆಗಿ," ಅಂದಳು ಅಮ್ಮ,
"ಅದರ ಮೇಲೆ ಅಳೆದರೆ ನಿಮ್ಮಣ್ಣನ ಅಳತೆ ಬರತ್ತೆ."
ತೆಗೆದೆ.
"ಕೂಗಬೇಡ," ಅಂದೆ.
"ಕೂಗದೆ ಹೇಗೆ ಬರೀತೀಯ, ಮಗ್ಗ ಕೇಳಿಸ್ತಿಲ್ವಾ?"
ಟೇಪು ತಣ್ಣಗೆ ಬೆನ್ನು ಸುತ್ತಿ ಬಂತು.
ಅಮ್ಮ ಬಾಯಿ ತೆರೆದಳು,
ಅದೇ ಗಳಿಗೆಗೆ ಕರೆಂಟು ಹೋಯಿತು,
ಮಗ್ಗ ನಿಂತಿತು,
ನಿಂತ ಗಲ್ಲಿಯ ನಡುವೆ ಅಮ್ಮನ ದನಿ ಬಿತ್ತು:

ಎದೆ ನಲವತ್ನಾಲ್ಕು.

ಕಾದೆ.
ಯಾವುದೋ ಅಡುಗೆಮನೆಯಲ್ಲಿ ಕುಕ್ಕರು ಒಮ್ಮೆ ಕೂಗಿತು.
ಎದುರು ಮನೆಯ ಹುಡುಗ
ಪಂಕ್ಚರಾದ ಸೈಕಲ್ಲಿಗೆ ಬೈಯುತ್ತಿದ್ದವನು
ಬೈಯುತ್ತಲೇ ಇದ್ದ.
ಮುನಿವೆಂಕಟಮ್ಮಜ್ಜಿ ಕಟ್ಟೆಯಿಂದ ತಲೆಯೆತ್ತಿ,
"ಸೀರೆ ಉಡ್ತೀಯೇನೇ? ನಾಳೆಗೆ ಎಷ್ಟು ಮೊಳ ಇಡಲಿ?"
ಅಷ್ಟೇ.
ಎರಡು ವರ್ಷ ಬಚ್ಚಿಟ್ಟ ಗುಟ್ಟು
ಕೊಳ್ಳುವವರಿಲ್ಲದೆ ಬೀದಿಯಲ್ಲಿ ಬಿದ್ದಿತ್ತು.
ಒಂಚೂರು ಅವಮಾನವೇ ಆಯಿತು.

ಬರೆದೆ. ಪೆನ್ಸಿಲ್ಲಿನಲ್ಲಿ ಅಲ್ಲ.
ಇಂಚರ, ನಲವತ್ನಾಲ್ಕು,
ಮೇಲೆ ಸುಗುಣಾ ಮೇಡಂ, ಕೆಳಗೆ ಖಾಲಿ ಗೆರೆ.
"ಬಲಗಡೆ ಭುಜ ಕಾಲಿಂಚು ಮೇಲೆ,"
ಅಮ್ಮ ಪಿಸುಗುಟ್ಟಿದಳು,
"ನನ್ನದೂ ಹಾಗೇ. ಬರ್ಕೋ."

ಕರೆಂಟು ಬರುವವರೆಗೆ ಕಟ್ಟೆಯ ಮೇಲೆ ಕೂತೆ.
ಅಜ್ಜಿ ಮಲ್ಲಿಗೆ ಅಳೆಯುತ್ತಿದ್ದಳು,
ಮೊಣಕೈಯಿಂದ ನಡುಬೆರಳ ತುದಿಗೆ.
ಸಣ್ಣ ಕೈ, ಸುಕ್ಕಿನ ಕೈ,
ಪಕ್ಕದ ಅಂಗಡಿಯ ಮೊಳಕ್ಕಿಂತ ಗಿಡ್ಡ
ಅಂತ ಪೇಟೆಗೆಲ್ಲ ಗೊತ್ತು;
ಆದರೂ ಅವಳ ಮೊಳಕ್ಕೆ ಅವಳ ಕೈಯೇ ಅಳತೆ.

"ನನ್ನ ಕೈಯಲ್ಲಿ ಅಳೀಲಾ ಅಜ್ಜಿ?"
"ಅಯ್ಯೋ, ನಿನ್ನ ಕೈ ಉದ್ದ ಕಣೇ, ನನಗೆ ಲಾಸು,"
ಅಂದು ಹೂವಿನ ತುದಿ ಕೊಟ್ಟಳು.

ನಾಳೆ ಜರ್ಕಿನ್ನು ಬ್ಯಾಗಿನಲ್ಲಿ ಇರುತ್ತದೆ,
ಸುಳ್ಳು ಯಾಕೆ.
ಆದರೆ ಮೂರು ಮೊಳ ಮಲ್ಲಿಗೆ,
ನನ್ನ ಮೊಳ.