ಭೇರಿಂಗ್

ಎಂತ ಶಬ್ದ ಟೀಚರೆ, ಅಕ್ಷರದಲ್ಲಿ ಹೇಳಿ, ಅಂದರು ಇದಿನಬ್ಬ.
ಕೂಳೂರು ಸೇತುವೆಯ ಈಚೆ, ಟ್ಯಾಂಕರುಗಳ ಧೂಳಿಗೆ
ಹೆಸರೇ ಅಳಿಸಿಹೋದ ಬೋರ್ಡಿನ ಕೆಳಗೆ
ಹದಿನಾರು ವರ್ಷದ ನನ್ನ ವಿಟಾರ,
ನಾಲ್ಕೂ ಚಕ್ರ ಎಳೆಯುವ ಜಾತಿಯದ್ದು,
ನಿಂತಲ್ಲೇ ಸಣ್ಣಗೆ ನಡುಗುತ್ತಿತ್ತು.

ಐವತ್ತರವರೆಗೆ ಏನೂ ಇಲ್ಲ, ಅಂದೆ.
ಐವತ್ತೈದಕ್ಕೆ ಗ ಶುರುವಾಗುತ್ತದೆ.
ಪಣಂಬೂರು ದಾಟಿ ಅರವತ್ತೈದಾದರೆ ಘ.
ಘ? ಹೊಟ್ಟೆ ಸೀಳಿದ್ದಾ?
ಸೀಳಿದ್ದೇ.
ಅವರ ಮುಖ ಸಣ್ಣದಾಯಿತು.

ಮೂವತ್ತೊಂದು ವರ್ಷ ಸುರತ್ಕಲ್ಲಿನ ಶಾಲೆಯಲ್ಲಿ
ಮಹಾಪ್ರಾಣ ನುಂಗುವ ಮಕ್ಕಳಿಗೆ
ಅಂಗೈಯನ್ನು ಬಾಯೆದುರು ಹಿಡಿಸಿ,
ಉಸಿರು ತಾಗುತ್ತದಾ ನೋಡು, ತಾಗಿದರೆ ಘ, ಅಂತ
ಕಲಿಸಿದ್ದು ಕಡೆಗೂ ಒಂದು ಕೆಲಸಕ್ಕೆ ಬಂತು.

ಎಡಕ್ಕೆ ತಿರುಗಿಸಿದಾಗ?
ಜಾಸ್ತಿ.
ಬಲಕ್ಕೆ?
ನಿಲ್ಲುತ್ತದೆ, ಬೈಸಿಕೊಂಡ ಮಗುವಿನ ಹಾಗೆ, ತಟಕ್ಕನೆ.
ಹಾಗಾದರೆ ಬಲದ್ದೇ. ಭಾರ ಬಿದ್ದ ಕಡೆಯದ್ದು ಕೂಗುವುದು.

ಅವರ ಕಿವಿಗೆ ಸಣ್ಣ ಶಬ್ದ ಸಿಗದೆ ಮೂರು ವರ್ಷವಾಯಿತು.
ಯಾರೂ ಹೇಳುವುದಿಲ್ಲ. ಕೆಲಸದ ಹುಡುಗ ನೌಫಲ್ ಮಾತ್ರ
ಗಿರಾಕಿ ಅಂದದ್ದನ್ನು ಇನ್ನೊಮ್ಮೆ
ಯಾರಿಗೋ ಹೇಳಿದಂತೆ ಗಟ್ಟಿಯಾಗಿ ಹೇಳುತ್ತಾನೆ.
ಮೊದಲೆಲ್ಲ ಉದ್ದ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಊರಿ
ಹಿಡಿಯನ್ನು ಕಿವಿಗೆ ಇಡುತ್ತಿದ್ದರು.
ಈಗ ಹಲ್ಲಿನಲ್ಲಿ ಕಚ್ಚುತ್ತಾರೆ.

ಗಾಡಿ ಮೇಲೇರಿತು. ನಾಲ್ಕೂ ಕಾಲು ಗಾಳಿಯಲ್ಲಿ.
ಕೆಳಗಿಂದ ಕಂಡದ್ದು ಕಡಲು ತಿಂದು ಉಳಿಸಿದ್ದು:
ಹಪ್ಪಳದಂತೆ ಏಳುವ ತುಕ್ಕು,
ಯಾವ ಭಾನುವಾರದ್ದೋ ತಣ್ಣೀರುಬಾವಿಯ ಮರಳು.
ನೌಫಲ್ ಚಕ್ರ ತಿರುಗಿಸಿದ. ಇದಿನಬ್ಬ ಕಣ್ಣು ಮುಚ್ಚಿ
ಸ್ಪ್ರಿಂಗಿಗೆ ಎರಡು ಬೆರಳಿಟ್ಟರು,
ಬಂಗುಡೆ ತಾಜಾವೋ ಎಂದು ಒತ್ತಿ ನೋಡುವಷ್ಟೇ ಹಗುರಾಗಿ.
ಮುಂದಿನದ್ದು ಇಲ್ಲ.
ಹಿಂದಿನದ್ದು,
ಹಾಂ.

ಆಮೇಲೆ ಬೈಗುಳ. ಕಳೆದ ಮಳೆಗಾಲ ಬಿ.ಸಿ. ರೋಡಿನಲ್ಲಿ
ಟೈರು ಸೀಳಿದಾಗ ಒಂದೇ ಒಂದು ಹೊಸತು ಹಾಕಿಸಿದ್ದೆ.
ಟೈಲರ್ ಟೇಪು ಸುತ್ತಿ ತೋರಿಸಿದರು: ಒಂದಿಂಚಿಗೂ ಮೇಲೆ ವ್ಯತ್ಯಾಸ.
ಬೇರೆ ಗಾಡಿಯಾದರೆ ನಡೆಯುತ್ತದೆ ಮಾರಾಯ್ರೆ, ಇದರಲ್ಲಿ
ನಾಲ್ಕೂ ಒಟ್ಟಿಗೆ ಸವೆಯಬೇಕು. ಒಬ್ಬ ದೊಡ್ಡ ಹೆಜ್ಜೆ ಹಾಕಿದರೆ
ಉಳಿದ ಮೂವರ ಲೆಕ್ಕ ಸರಿ ಮಾಡುತ್ತಾ ನಡುವಿನ ಡಬ್ಬಿ
ಓಡಿದಷ್ಟು ಹೊತ್ತೂ ಬೇಯುತ್ತದೆ.
ಡಬ್ಬಿಯ ಎಣ್ಣೆ ಇಳಿಸಿದರು. ಕರಟಿದ ಬೆಲ್ಲದ ಬಣ್ಣ.
ಬಿರಡೆಯ ಅಯಸ್ಕಾಂತಕ್ಕೆ ನರೆತ ಮೀಸೆ ಬಂದಿತ್ತು.
ಬೆರಳಲ್ಲಿ ಉಜ್ಜಿ, ಹುಡಿಯೇ, ತುಂಡಲ್ಲ, ಅಂದರು.
ಇನ್ನೂ ಓಡುತ್ತದೆ.

ಮೂರು ದಿನ. ಹಬ್ಬಿನ ಬೋಲ್ಟು ಬಿಡಲಿಲ್ಲ,
ಡೀಸೆಲ್ ಕುಡಿಸಿ ರಾತ್ರಿಯಿಡೀ ಬಿಟ್ಟರು.
ಮರುದಿನವೂ ಬಿಡಲಿಲ್ಲ.
ನಾನು ಬಸ್ಸಿನ ಕಂಬ ಹಿಡಿದು ಶಾಲೆಗೆ ಹೋಗಿಬಂದೆ.

ಗುರುವಾರ ಸಂಜೆ ಓಡಿಸಿ ನೋಡಿದೆ, ಪಕ್ಕದಲ್ಲಿ ಇದಿನಬ್ಬ.
ಐವತ್ತೈದು. ಅರವತ್ತೈದು.
ಬಂದರಿನ ಲಾರಿಯೊಂದನ್ನು ಹಿಂದಿಕ್ಕುವಾಗ ಎಂಬತ್ತು.
ಅವರು ರಸ್ತೆ ನೋಡುತ್ತಿರಲಿಲ್ಲ,
ನನ್ನ ಬಾಯಿ ನೋಡುತ್ತಿದ್ದರು.
ಈಗ?
ಗ ಇಲ್ಲ. ಘ ಇಲ್ಲ. ಬರೀ ಅನುಸ್ವಾರ.
ಅದು ಇರಲಿ, ಅಂದರು,
ಅದೂ ಹೋದರೆ ಗಾಡಿ ನಿಂತಿದೆ ಅಂತ ಲೆಕ್ಕ.

ಬಿಲ್ಲು, ಹಳೆಯ ಕ್ಯಾಲೆಂಡರಿನ ಬೆನ್ನಿಗೆ, ಅವರದೇ ಕೈ:
ಡಬ್ಬಿಯ ಎಣ್ಣೆ. ಮಜೂರಿ.
ಟೈರು ಮೂರು, ಮುಂದಿನ ತಿಂಗಳು, ಮರೆಯಬಾರದು.
ಭೇರಿಂಗ್ ಒಂದು.
ಬ-ಗೆ ಹೊಟ್ಟೆ ಸೀಳಿತ್ತು.
ಬ್ಯಾಗಿನಿಂದ ಕೆಂಪು ಪೆನ್ನು ತೆಗೆದೆ, ಅಭ್ಯಾಸ.
ಅಷ್ಟರಲ್ಲಿ ನೌಫಲ್ ಹಳೆಯದನ್ನು ಪೇಪರಿನಲ್ಲಿ ಸುತ್ತಿ ತಂದ.
ಅಂಗೈಯಲ್ಲಿಟ್ಟು ಒಂದು ಸುತ್ತು ತಿರುಗಿಸಿದೆ.
ತಾಗಿತು.
ಪೆನ್ನಿನ ಮುಚ್ಚಳ ಹಾಕಿದೆ.